ಊರ ಶಾಲೆಗೆ ಪುಣೆಯ ಯಜಮಾನಿಕೆ ಸಾಕು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಗೆ ಬಂದ ಕನ್ನಡಿಗನಿಗೆ ಊರ ಹಂಬಲ ಹೋಗುವುದಿಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗಲೋ, ತಾಯಿ ತೀರಿಕೊಂಡು ವರ್ಷ ತುಂಬಿದಾಗಲೋ, ಒಂದೇ ತಾಲೂಕಿನ ನಾಲ್ಕು ಜನ ಕೂಡಿ ಒಂದು ಟ್ರಸ್ಟು ಕಟ್ಟುತ್ತಾರೆ. ಹುಟ್ಟಿದ ಹಳ್ಳಿಯಲ್ಲಿ ಒಂದು ಬಾಲವಾಡಿ, ವಾಚನಾಲಯ, ಸಂಜೆಯ ಅಭ್ಯಾಸಕೇಂದ್ರ, ಇಲ್ಲವೆ ಬಡ ಹುಡುಗರಿಗೊಂದು ವಸತಿಗೃಹ ಶುರುವಾಗುತ್ತದೆ. ಧಾರವಾಡ, ವಿಜಯಪುರ, ಕಲಬುರ್ಗಿ ಜಿಲ್ಲೆಗಳಲ್ಲಿ ಇಂಥವುಗಳಿವೆ. ಮಹಾರಾಷ್ಟ್ರದೊಳಗೇ ಇರುವ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಶಾಲೆಗಳ ಆಸರೆಗೆ ಹುಟ್ಟಿದವೂ ಇವೆ. ಈ ಔದಾರ್ಯವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಮೆಚ್ಚಿಗೆಯ ಮಾತು ಶಾಲು ಹೊದಿಸುವ ಸಮಾರಂಭಗಳಲ್ಲಿ ಬೇಕಾದಷ್ಟು ಆಗಿದೆ. ಇಲ್ಲಿ ಬೇರೆ ಮಾತು ಆಡಬೇಕಾಗಿದೆ, ಅದು ಕೆಲವರಿಗೆ ಕಹಿಯಾದೀತು.

ಇಂಥ ಟ್ರಸ್ಟುಗಳ ಕಾಗದದ ತಲೆಬರಹವನ್ನು ಒಮ್ಮೆ ನೋಡಿರಿ. ಅಧ್ಯಕ್ಷರು ಕೊಥರೂಡದಲ್ಲಿ, ಕಾರ್ಯದರ್ಶಿಗಳು ಸಹಕಾರನಗರದಲ್ಲಿ, ಖಜಾಂಚಿ ಚಿಂಚವಡದಲ್ಲಿ. ಶಾಲೆ ಇರುವ ಊರಿನ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಊರಲ್ಲಿ ದಿನಾ ಬೆಳಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಬಾರದ ಹುಡುಗನ ಮನೆಗೆ ಹೋಗಿ ಅವನ ಅಪ್ಪನನ್ನು ಒಪ್ಪಿಸಿ ಕರೆತರುವ ಮಾಸ್ತರರ ಹೆಸರು, ಅಕ್ಕೋರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಅವರಿಗೆ ಸಿಗುವುದಕ್ಕೆ ಗೌರವಧನವೆಂದು ಹೆಸರು; ಅದರಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಎರಡು ಡಬ್ಬಿ ಸುಣ್ಣದ ಕಡ್ಡಿ ಕೊಳ್ಳಲು ಪುಣೆಗೆ ಫೋನು ಮಾಡಿ ಕೇಳಬೇಕು. ಪುಣೆಯಿಂದ ಬರುವ ಫೋನು ಯಾವುದಕ್ಕೆ? "ಮಾಸ್ತರ, ಫೋಟೋ ಕಳಸ್ರಿ, ಹಿಂದ ನಮ್ಮ ಬ್ಯಾನರ್ ಚಂದಾಗಿ ಕಾಣೂಹಂಗ ಇರ್ಲಿ" ಎನ್ನುವುದಕ್ಕೆ.

ಗಡಿಭಾಗದ ಒಂದು ಕೇಂದ್ರದಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರ ಹೆಸರೂ ಬೇಡ, ಟ್ರಸ್ಟಿನ ಹೆಸರೂ ಬೇಡ. ಅಲ್ಲಿನ ಅಕ್ಕೋರು ಅದೇ ಊರ ಸೊಸೆ, ಎಂಟು ವರ್ಷ ಕೇಂದ್ರವನ್ನು ನಡೆಸಿದವರು. ಊರಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಹೈಸ್ಕೂಲು ಐದು ಕಿಲೋಮೀಟರು ದೂರ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಏಳನೆಯದು ಮುಗಿಸಿದ ಹುಡುಗಿಯರು ಮನೆ ಹಿಡಿಯುವುದನ್ನು ಕಂಡು ಕಂಡು ಬೇಸತ್ತ ಆ ತಾಯಿ ಪುಣೆಯ ಟ್ರಸ್ಟಿಗಳಿಗೆ ಬರೆದರು: ಒಂದು ಟಂಟಂ ಗೊತ್ತು ಮಾಡಿಕೊಡಿ, ಹೋಗಿಬರುವ ಖರ್ಚು ಟ್ರಸ್ಟು ನೋಡಿಕೊಳ್ಳಲಿ, ಹುಡುಗಿಯರನ್ನು ಕಳಿಸಲು ಮನೆಯವರನ್ನು ಒಪ್ಪಿಸುವ ಹೊಣೆ ನನ್ನದು. ಪುಣೆಯಲ್ಲಿ ಸಭೆ ಸೇರಿತು. ಟಂಟಂ ಗಾಡಿಯ ಮೇಲೆ ದಾನಿಗಳ ಹೆಸರು ಬರೆಯಿಸುವುದು ಹೇಗೆ? ಐದು ಕಂಪ್ಯೂಟರು ಕೊಡುವುದೆಂದು ಠರಾವಾಯಿತು. ಉದ್ಘಾಟನೆ ಸಡಗರದಿಂದ ನಡೆಯಿತು, ಗೋಡೆಗೆ ಕರಿಕಲ್ಲಿನ ಫಲಕ ಕೂತಿತು. ಹಗಲು ಹೊತ್ತಿನಲ್ಲಿ ಆ ಊರಿಗೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೂನ್ ತಿಂಗಳಲ್ಲಿ ಹೈಸ್ಕೂಲಿಗೆ ಹೋಗಬೇಕಾಗಿದ್ದ ಹುಡುಗಿಯರು ಹೊಲಕ್ಕೆ ಹೋದರು; ಅವರಲ್ಲಿ ಇಬ್ಬರ ಲಗ್ನ ಮರುವರುಷವೇ ಆಗಿಹೋಯಿತು. ಅಕ್ಕೋರು ಮತ್ತೊಮ್ಮೆ ಬರೆದಾಗ ಬಂದ ಉತ್ತರ: ನಿಮ್ಮ ಕೆಲಸ ಕಲಿಸುವುದು, ಧೋರಣೆ ಟ್ರಸ್ಟಿಗಳ ವಿಷಯ. ಅವರು ಕೆಲಸ ಬಿಟ್ಟರು. ಈಗ ಅದೇ ಟ್ರಸ್ಟಿನವರು ನಮ್ಮೆದುರು ಕೂತು, "ಹಳ್ಳ್ಯಾಗ ಒಳ್ಳೆ ಮಂದಿ ಸಿಗೂದಿಲ್ರೀ" ಎಂದು ನಿಟ್ಟುಸಿರು ಬಿಡುತ್ತಾರೆ!

ಒಳ್ಳೆಯ ಮಂದಿ ಸಿಕ್ಕಿದ್ದರು. ಅವರ ಕೈಯಲ್ಲಿ ಚೆಕ್ ಪುಸ್ತಕ ಇರಲಿಲ್ಲ, ಅಷ್ಟೇ.

ನಮ್ಮ ವಾದ ಇಷ್ಟು. ಹಳ್ಳಿಯಲ್ಲಿದ್ದು ಆ ಕೆಲಸ ಮಾಡುವವರೇ ಆ ಸಂಸ್ಥೆಯನ್ನು ನಡೆಸಬೇಕು. ಹಣ ಯಾವುದಕ್ಕೆ ಖರ್ಚಾಗಬೇಕು, ಯಾರನ್ನು ನೇಮಿಸಬೇಕು, ಶಾಲೆ ಎಷ್ಟು ಹೊತ್ತಿಗೆ ನಡೆಯಬೇಕು ಎಂಬುದನ್ನು ಅವರೇ ಗೊತ್ತುಮಾಡಬೇಕು. ಪುಣೆಯವರು ಹಣ ಕೊಡಲಿ, ಕೇಳಿದಾಗ ಸಲಹೆ ಕೊಡಲಿ, ವರ್ಷಕ್ಕೊಮ್ಮೆ ಲೆಕ್ಕ ನೋಡಲಿ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಆಫ್ರಿಕದ ಹಳ್ಳಿಶಾಲೆಗಳನ್ನು ಆಳುವ ಬಿಳಿಯರ ದಾನಸಂಸ್ಥೆಗಳನ್ನು ಕುರಿತು ನಮ್ಮಲ್ಲಿ ಓದಿಕೊಂಡವರು ಖಾರವಾಗಿ ಮಾತಾಡುವುದನ್ನು ಕೇಳಿದ್ದೇವೆ. ಕೊಥರೂಡಕ್ಕೂ ಜತ್ತ ತಾಲೂಕಿನ ಹಳ್ಳಿಗೂ ನಡುವೆ ಸಮುದ್ರವಿಲ್ಲ ಎಂಬುದೊಂದನ್ನು ಬಿಟ್ಟರೆ ವ್ಯತ್ಯಾಸವೇನು?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪುಣೆಯಿಂದ ಊರಿಗೆ ಹೋಗುವ ಎಷ್ಟೋ ಬಸ್ಸುಗಳು ಸಾತಾರೆಯ ಮೇಲೆಯೇ ಹೋಗುತ್ತವೆ. ಕರ್ಮವೀರ ಭಾವೂರಾವ ಪಾಟೀಲರ ರಯತ ಶಿಕ್ಷಣ ಸಂಸ್ಥೆಯ ಕೇಂದ್ರ ಆ ಸಾತಾರೆಯಲ್ಲಿದೆ. ಭಾವೂರಾವ 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಜೈನ ರೈತ ಮನೆತನದವರು. ಅವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. (ಕನ್ನಡಿಗರು ಇಷ್ಟು ಹೆಮ್ಮೆಪಡಲು ಅಡ್ಡಿಯಿಲ್ಲ.) ಮೆಟ್ರಿಕ್ ಕೂಡ ಮುಗಿಸದ ಈ ಮನುಷ್ಯ ಓಗಲೆ ಗಾಜಿನ ಕಾರಖಾನೆಯ ಕಂದೀಲು, ಕಿರ್ಲೋಸ್ಕರರ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ತಿರುಗಿದವರು. 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಸಂಸ್ಥೆ ಆರಂಭಿಸಿ, 1924ರಲ್ಲಿ ಸಾತಾರೆಗೆ ತಂದು ಅಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ವಸತಿಗೃಹ ತೆಗೆದರು. 1927ರಲ್ಲಿ ಗಾಂಧೀಜಿಯವರು ಬಂದು ಅದಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರಿಟ್ಟರು. ಹುಡುಗರಿಗೆ ಉಣ್ಣಲು ಇಲ್ಲವಾದಾಗ ಮಡದಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಯಷ್ಟೇ ಅಲ್ಲ, ಮಂಗಳಸೂತ್ರವನ್ನೂ ಕೊಟ್ಟ ಕಥೆ ಸಾತಾರೆ ಜಿಲ್ಲೆಯಲ್ಲಿ ಇಂದಿಗೂ ಹೇಳುತ್ತಾರೆ.

ಈ ತ್ಯಾಗದ ಕಥೆಯನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಅದರ ಹಿಂದಿನ ವ್ಯವಸ್ಥೆಯನ್ನು ಯಾರೂ ಹೇಳುವುದಿಲ್ಲ. ನಮಗೆ ಬೇಕಾದದ್ದು ಅದೇ. ಭಾವೂರಾವ ಹಳ್ಳಿಗೆ ಪುಣೆಯ ಪದವೀಧರರನ್ನು ಕಳಿಸಿ ಶಾಲೆ ನಡೆಸಲಿಲ್ಲ. 1935ರಲ್ಲಿ ಸಾತಾರೆಯಲ್ಲಿ ಶಿಕ್ಷಕರ ತರಬೇತಿ ಶಾಲೆಯನ್ನೇ ತೆಗೆದು, ರೈತರ ಮಕ್ಕಳನ್ನು ಮಾಸ್ತರರನ್ನಾಗಿ ಮಾಡಿ, ಗುಡ್ಡಗಾಡಿನ ಹಳ್ಳಿಗಳಲ್ಲಿ ನೂರಾರು ಶಾಲೆಗಳನ್ನು ಅವರ ಕೈಗೆ ಒಪ್ಪಿಸಿದರು. ಊರವರು ಮನೆಗೊಂದು ಹಿಡಿಯಂತೆ ಕಾಳು ಕೊಡುವ ಮುಷ್ಟಿ ನಿಧಿ ಏರ್ಪಡಿಸಿದರು. ಹುಡುಗ ದುಡಿದು ಕಲಿಯಬೇಕು ಎಂಬ ಪದ್ಧತಿ ತಂದರು. ಹೀಗೆ ಬೆಳೆದ ಹುಡುಗರೇ ಮುಂದೆ ಆಜೀವ ಸದಸ್ಯರಾಗಿ ಸಂಸ್ಥೆಯನ್ನು ನಡೆಸಿದರು. ಶಾಹೂ ಬೋರ್ಡಿಂಗಿನಲ್ಲಿ ಉಂಡು ಬೆಳೆದ ಪಿ. ಜಿ. ಪಾಟೀಲರು ಬ್ಯಾರಿಸ್ಟರರಾಗಿ ಮರಳಿ ಅದೇ ಸಂಸ್ಥೆಗೆ ದುಡಿದರು. ಆಮೇಲೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಮೆಟ್ರಿಕ್ ಮುಗಿಸದ ಭಾವೂರಾವ ಅವರಿಗೆ 1959ರಲ್ಲಿ ನಮ್ಮ ಪುಣೆ ವಿಶ್ವವಿದ್ಯಾಲಯವೇ ಡಿ.ಲಿಟ್. ಕೊಟ್ಟಿತು, ಅದೇ ವರ್ಷ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಸಂಸ್ಥೆ ಅವರೊಂದಿಗೆ ತೀರಿಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು, ತಾವು ಹೋದಮೇಲೆ ಟ್ರಸ್ಟಿನ ಗತಿಯೇನೆಂದು ಚಿಂತಿಸುವ ನಮ್ಮ ಹಿರಿಯರು ಯೋಚಿಸಬೇಕು. ಅವರ ಮಕ್ಕಳು ಪುಣೆಯಲ್ಲಿಯೂ ಇಲ್ಲ. ಸಿಯಾಟಲ್ಲಿನಲ್ಲೋ ಸಿಡ್ನಿಯಲ್ಲೋ ಇದ್ದಾರೆ. ಆ ಮಕ್ಕಳು ಊರ ಅಭ್ಯಾಸಕೇಂದ್ರ ನಡೆಸುತ್ತಾರೆಯೇ? ಊರಲ್ಲಿ ಹುಟ್ಟಿ ಊರಲ್ಲೇ ಇರುವ ಮಾಸ್ತರರ ಕೈಯಲ್ಲಿದ್ದರೆ ಅದು ನಡೆದೀತು.

ರಯತ ಸಂಸ್ಥೆ ಈಗ ಬಹು ದೊಡ್ಡದಾಗಿದೆ. ಶರದ ಪವಾರರಂಥ ರಾಜಕಾರಣಿಗಳು ಬಹುಕಾಲ ಅದರ ಅಧ್ಯಕ್ಷರಾಗಿದ್ದಾರೆ, ಅಲ್ಲಿ ಎಲ್ಲವೂ ಮೊದಲಿನಂತೆಯೇ ಇದೆಯೆಂದು ಹೇಳಲು ನಾವು ಹೊರಟಿಲ್ಲ. ಆದರೆ ಅಡಿಪಾಯ ಹಾಕಿದ ರೀತಿ ಮುಖ್ಯ. ಇದೇ ಪುಣೆಯಲ್ಲಿ 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯಲ್ಲಿ ಕಲಿಸುವವರೇ ಆಜೀವ ಸದಸ್ಯರು, ಅವರೇ ಆಡಳಿತಗಾರರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕೆ.ಎಲ್.ಇ. ಸಂಸ್ಥೆ ಕಟ್ಟಿದಾಗ ಈ ಮಾದರಿ ಅವರ ಕಣ್ಣ ಮುಂದಿತ್ತು. ಬಸವನಾಳ, ಸಾಖರೆ, ಕಟ್ಟೀಮನಿ ಮೊದಲಾದ ಆ ಏಳು ಜನ ಮಾಸ್ತರರೇ ಹೊರತು ಪರಊರಿನಲ್ಲಿ ಕೂತ ಧನಿಕರಲ್ಲ. ಹಣ ಕೊಟ್ಟವರು ಬೇರೆ ಇದ್ದರು. ಅವರ ಹೆಸರು ಶಾಲೆಗೆ ಇಟ್ಟರು, ಆದರೆ ಶಾಲೆಯನ್ನು ಮಾಸ್ತರರೇ ನಡೆಸಿದರು. ಈ ಭೇದವೇ ಇಂದು ನಮ್ಮವರಿಗೆ ಮರೆತುಹೋಗಿದೆ.

ಇನ್ನೊಂದು ಹೆಸರನ್ನು ಕೊಥರೂಡದ ಕನ್ನಡಿಗರಿಗೆ ನೆನಪು ಮಾಡಿಕೊಡಬೇಕು. ಅಲ್ಲಿ ಜೆ. ಪಿ. ನಾಯಿಕ ಪಥ ಎಂಬ ರಸ್ತೆ ಇದೆ. ದಿನಾ ಅದರ ಮೇಲೆ ಸ್ಕೂಟರು ಓಡಿಸುವವರಲ್ಲಿ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತು? ಯುನೆಸ್ಕೋ ಪ್ರಕಟಿಸಿದ ಜಗತ್ತಿನ ನೂರು ಶಿಕ್ಷಣ ಚಿಂತಕರ ಸಾಲಿನಲ್ಲಿ ಗಾಂಧೀಜಿ, ರವೀಂದ್ರರ ಜೊತೆಗೆ ಬರುವ ಹೆಸರು ಅದು. ಕೊಲ್ಲಾಪುರ ಜಿಲ್ಲೆಯ ಈ ಮರಾಠಿ ಮನುಷ್ಯ ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೇಲಿಗೆ ಹೋಗಿ ಅಲ್ಲಿ ಕನ್ನಡ ಕಲಿತರು. ಬಿಡುಗಡೆಯಾದ ಮೇಲೆ, 1930ರ ದಶಕದಲ್ಲಿ, ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಗೆ ಹೋಗಿ ನೆಲೆಸಿ ಅಲ್ಲಿಯ ಜನರೊಂದಿಗೆ ಗ್ರಾಮಸುಧಾರಣೆಯ ಕೆಲಸ ಮಾಡಿದರು. ಕನ್ನಡ ಹಳ್ಳಿಯ ಕೆಲಸಕ್ಕೆ ಕನ್ನಡ ಕಲಿತು ಅಲ್ಲಿಯೇ ಇರಬೇಕೆಂದು ಒಬ್ಬ ಮರಾಠಿ ಮನುಷ್ಯನಿಗೆ ತಿಳಿದಿತ್ತು. ಕನ್ನಡಿಗರಾದ ನಮ್ಮ ಟ್ರಸ್ಟಿಗಳು ಕನ್ನಡ ಹಳ್ಳಿಯ ಮಾಸ್ತರರಿಂದ ಇಂಗ್ಲಿಷಿನಲ್ಲಿ ರಿಪೋರ್ಟು ಕೇಳುತ್ತಾರೆ!

ನಾಯಿಕರು ಕೊಠಾರಿ ಶಿಕ್ಷಣ ಆಯೋಗದ (1964-66) ಸದಸ್ಯ ಕಾರ್ಯದರ್ಶಿಗಳಾಗಿದ್ದರು. ದಿಲ್ಲಿಯ ದೊಡ್ಡ ಹುದ್ದೆಗಳನ್ನೆಲ್ಲ ನೋಡಿದ ಮೇಲೆ, ತಾವು 1948ರಲ್ಲಿ ಮುಂಬಯಿಯಲ್ಲಿ ಕಟ್ಟಿದ್ದ ಭಾರತೀಯ ಶಿಕ್ಷಣ ಸಂಸ್ಥೆಯನ್ನು 1976ರಲ್ಲಿ ಪುಣೆಗೆ ತಂದರು. ಅವರೂ ಅವರ ಪತ್ನಿ ಚಿತ್ರಾ ನಾಯಿಕರೂ 1979ರಿಂದ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮತ್ತು ಶಾಲೆಯ ಮುಖವನ್ನೇ ಕಾಣದ 9ರಿಂದ 14 ವಯಸ್ಸಿನ ಮಕ್ಕಳಿಗಾಗಿ ರಾತ್ರಿಯ ವರ್ಗಗಳನ್ನು ಆರಂಭಿಸಿದರು. ಕಲಿಸುವವರು ಅದೇ ಊರಿನವರು, ಹೆಚ್ಚು ಕಲಿತವರೇನಲ್ಲ. ವರ್ಗ ಎಲ್ಲಿ, ಯಾವ ಹೊತ್ತಿಗೆ ಎಂಬುದು ಊರವರದೇ ನಿರ್ಧಾರ. ಹಗಲೆಲ್ಲ ದನ ಕಾದು, ತಮ್ಮ ತಂಗಿಯರನ್ನು ಎತ್ತಿಕೊಂಡು, ನೀರು ಹೊತ್ತ ಹುಡುಗಿಯರು ರಾತ್ರಿ ಬಂದು ಕೂತರು; ಆ ವರ್ಗಗಳಲ್ಲಿ ಹುಡುಗಿಯರದೇ ಹೆಚ್ಚಿನ ಸಂಖ್ಯೆ. ಪರೀಕ್ಷೆಯ ಬದಲು ಬಾಲಜಾತ್ರೆ: ಹಲವು ಹಳ್ಳಿಗಳ ಮಕ್ಕಳು ಒಂದೆಡೆ ಕೂಡಿ ಆಟ ಹಾಡುಗಳ ನಡುವೆ ತಾವು ಕಲಿತದ್ದನ್ನು ತಾವೇ ನೋಡಿಕೊಳ್ಳುವುದು. ನಾಯಿಕರು 1981ರಲ್ಲಿ ತೀರಿಕೊಂಡ ಮೇಲೆ ಚಿತ್ರಾಬಾಯಿಯವರು ಆ ಕೆಲಸವನ್ನು ಮುಂದುವರಿಸಿದರು. ಮಗಳನ್ನು ಹಗಲು ಶಾಲೆಗೆ ಕಳಿಸಲಾಗದ ತಾಯಿ ರಾತ್ರಿ ಯಾಕೆ ಕಳಿಸಿದಳು? ಕಲಿಸುವವಳು ಎದುರು ಮನೆಯವಳು, ಗೊತ್ತಿದ್ದವಳು. ಈ ನೆಚ್ಚಿಗೆಯನ್ನು ಪುಣೆಯಿಂದ ಪಾರ್ಸೆಲು ಮಾಡಿ ಕಳಿಸಲಾಗುವುದಿಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1985ರಲ್ಲಿ 22 ಒಂದು ಕೋಣೆಯ ಶಾಲೆಗಳಿಂದ ಆರಂಭಿಸಿ ಸಾವಿರ ಸಾವಿರವಾಗಿ ಬೆಳೆಸಿದ್ದೂ ಹೀಗೆಯೇ, ಆಯಾ ಹಳ್ಳಿಯ ಹೆಣ್ಣುಮಕ್ಕಳನ್ನೇ ಶಿಕ್ಷಕಿಯರನ್ನಾಗಿ ಮಾಡಿ. ಆ ಸಂಸ್ಥೆಯನ್ನು ಕಟ್ಟಿದ ಫಜಲ್ ಹಸನ್ ಅಬೇದರೂ ಆ ನಾಡಿನವರೇ.

ನಮ್ಮ ಟ್ರಸ್ಟಿಗಳ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು ಲೆಕ್ಕಪತ್ರ. ಹಳ್ಳಿಯವರ ಕೈಗೆ ದುಡ್ಡು ಕೊಟ್ಟರೆ ಲೆಕ್ಕ ಸಿಗುವುದಿಲ್ಲವಂತೆ. ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ 2000ದ ಸುಮಾರಿನಿಂದ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ವಾರ ವಾರ ಉಳಿತಾಯ ಎಣಿಸಿ, ಸಾಲ ಕೊಟ್ಟು, ವಸೂಲು ಮಾಡಿ, ಬ್ಯಾಂಕಿನ ಪಾಸ್‌ಬುಕ್ಕು ಬರೆಯಿಸಿಕೊಂಡು ಬರುತ್ತಿದ್ದಾರೆ. ಅವರ ನಡುವೆ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ಆ ವಾರವೇ ಗೊತ್ತಾಗುತ್ತದೆ. ಪುಣೆಯ ಎಷ್ಟು ಟ್ರಸ್ಟುಗಳ ಲೆಕ್ಕವನ್ನು ಊರ ಜನರೆದುರು ಓದಿ ಹೇಳಿದ್ದಾರೆ?

ಎರಡನೆಯ ಆಕ್ಷೇಪಣೆಯಲ್ಲಿ ಹುರುಳಿದೆ, ಅದನ್ನು ಹಗುರಾಗಿ ತಳ್ಳಿಹಾಕಲಾರೆವು. ಊರ ಕೈಗೆ ಕೊಟ್ಟರೆ ಊರ ಗೌಡಕಿ, ಜಾತಿ, ಪಕ್ಷರಾಜಕಾರಣ ಶಾಲೆಯೊಳಗೆ ನುಗ್ಗುತ್ತವೆ ಎನ್ನುತ್ತಾರೆ. ನಿಜ. ಊರೆಂದರೆ ದೇವರ ಗುಡಿಯಲ್ಲ. ಅಲ್ಲಿಯೂ ಕೆಳಗೇರಿಯ ಮಗುವನ್ನು ಹಿಂದೆ ಕೂರಿಸುವವರಿದ್ದಾರೆ. ಆದರೆ ಗಮನಿಸಬೇಕು, ಊರ ಪ್ರಮುಖರ ಕೈಗೆ ಕೊಡಿ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಕೆಲಸ ಮಾಡುವವರ ಕೈಗೆ ಕೊಡಿ ಎನ್ನುತ್ತೇವೆ. ಎಂಟು ವರ್ಷ ಕಲಿಸಿದ ಅಕ್ಕೋರೂ ಊರ ಗೌಡರೂ ಇಬ್ಬರೂ ಸ್ಥಳೀಯರೇ; ಆದರೆ ಇಬ್ಬರೂ ಒಂದಲ್ಲ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಪುಣೆಯಿಂದ ಊರಿಗೆ ಬಂದ ಟ್ರಸ್ಟಿಗಳು ಇಳಿದುಕೊಳ್ಳುವುದು ಆ ಗೌಡರ ಮನೆಯಲ್ಲಿಯೇ, ಸಮಾರಂಭದ ವೇದಿಕೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುವುದೂ ಅವರನ್ನೇ. ಅಕ್ಕೋರು ಕೆಳಗೆ ನಿಂತು ಚಹದ ಕಪ್ಪು ಎಣಿಸುತ್ತಿರುತ್ತಾರೆ. ಹೀಗಿರುವಾಗ ಊರ ರಾಜಕಾರಣವನ್ನು ದೂರ ಇಟ್ಟವರು ತಾವೆಂದು ಹೇಳಿಕೊಳ್ಳಬಾರದು.

ಮೂರನೆಯದು ಇಂಗ್ಲಿಷು. 2013ರ ಕಂಪನಿ ಕಾಯಿದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ಕೊಡಬೇಕಾಗಿದೆ; ಚಾಕಣ, ಹಿಂಜವಡಿಗಳ ಕಂಪನಿಗಳಲ್ಲಿ ನಮ್ಮವರಿಗೆ ಪರಿಚಯವಿದೆ, ಅರ್ಜಿ ಇಂಗ್ಲಿಷಿನಲ್ಲಿ ಬರೆಯಬೇಕು. ಬರೆಯಿರಿ! ಪುಣೆಯವರು ಮಾಡಬೇಕಾದ ಕೆಲಸ ಇದೇ. ಗುಮಾಸ್ತಿಕೆ ನಮ್ಮದಾಗಲಿ, ಯಜಮಾನಿಕೆ ಅವರದಾಗಲಿ. ಬ್ಯಾಂಕಿನಲ್ಲಿ, ಕಾರಖಾನೆಯಲ್ಲಿ, ರೇಲ್ವೆಯಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಾವು ಸದಾ ಬೈಯುವ ಸರಕಾರ ಈ ವಿಷಯದಲ್ಲಿ ನಮ್ಮ ಟ್ರಸ್ಟುಗಳಿಗಿಂತ ಮುಂದಿದೆ ಎಂದರೆ ಕೆಲವರಿಗೆ ಸಿಟ್ಟು ಬಂದೀತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಕರ್ನಾಟಕದಲ್ಲಿ ಎಸ್.ಡಿ.ಎಂ.ಸಿ.ಗಳು 2001ರಿಂದಲೇ ಇವೆ. ಅವು ಎಲ್ಲೆಡೆ ಚೆನ್ನಾಗಿ ನಡೆಯುತ್ತಿವೆಯೇ ಎಂದು ಕೇಳಬೇಡಿ, ಎಷ್ಟೋ ಕಡೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಆದರೂ ಕುರ್ಚಿಯಾದರೂ ಇದೆ. ನಮ್ಮ ಟ್ರಸ್ಟುಗಳಲ್ಲಿ ಆ ಊರಿನ ಒಬ್ಬ ತಾಯಿಗೆ, ಒಬ್ಬ ಮಾಸ್ತರರಿಗೆ ಒಂದು ಕುರ್ಚಿಯಿದೆಯೇ?

2020ರ ಮಾರ್ಚಿನಲ್ಲಿ ಎಲ್ಲ ಬಂದಾದಾಗ ಪುಣೆಯಿಂದ ಯಾರೂ ಊರಿಗೆ ಹೋಗಲಾಗಲಿಲ್ಲ. ಅದು ಯಾರ ತಪ್ಪೂ ಅಲ್ಲ. ಆ ತಿಂಗಳುಗಳಲ್ಲಿ ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ ನಾಲ್ಕಾರು ಮಕ್ಕಳನ್ನು ದೂರ ದೂರ ಕೂರಿಸಿ ಅಕ್ಷರ ಮರೆಯದಂತೆ ನೋಡಿಕೊಂಡವರು ಊರಿನ ಮಾಸ್ತರರು, ಅಕ್ಕೋರು. ಕರ್ನಾಟಕ ಸರಕಾರ ಆ ಆಗಸ್ಟಿನಲ್ಲಿ ವಿದ್ಯಾಗಮವೆಂದು ಹೆಸರಿಟ್ಟು ಕೈಗೊಂಡದ್ದೂ ಇದೇ ಬಗೆಯ ಕೆಲಸ. ಠರಾವಿಲ್ಲದೆ, ಅಪ್ಪಣೆಯಿಲ್ಲದೆ, ಎಷ್ಟೋ ಕಡೆ ಗೌರವಧನವೂ ಇಲ್ಲದೆ ಅವರು ನಡೆಸಿದರು. ಅಷ್ಟು ಕಷ್ಟಕಾಲದಲ್ಲಿ ನಡೆಸಿದವರಿಗೆ ಸುಖಕಾಲದಲ್ಲಿ ನಡೆಸಲು ಬರುವುದಿಲ್ಲವೇ?

ಆದ್ದರಿಂದ ಊರಲ್ಲಿ ಸಂಸ್ಥೆ ನಡೆಸುವ ನಮ್ಮ ಎಲ್ಲ ಬಂಧುಗಳನ್ನು ಕೇಳಿಕೊಳ್ಳುತ್ತೇವೆ: ಈ ವರ್ಷವೇ ಟ್ರಸ್ಟಿನಲ್ಲಿ ಅರ್ಧ ಸ್ಥಾನಗಳನ್ನು ಅಲ್ಲಿ ಕೆಲಸ ಮಾಡುವವರಿಗೂ ಮಕ್ಕಳ ತಾಯಂದಿರಿಗೂ ಬಿಟ್ಟುಕೊಡಿರಿ. ಪುಣೆಯಲ್ಲಿ ನೋಂದಾಯಿಸಿದ ಟ್ರಸ್ಟಾದರೆ ವಿಶ್ವಸ್ಥರು ಬದಲಾದ ವರದಿಯನ್ನು 90 ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ಕೊಡಬೇಕು, ಅದೇನು ಬೆಟ್ಟ ಹೊರುವ ಕೆಲಸವಲ್ಲ, ನಮ್ಮಲ್ಲಿ ವಕೀಲರಿದ್ದಾರೆ. ಕೇಂದ್ರದ ಮುಖ್ಯಸ್ಥರಿಗೆ ಬದುಕುವಷ್ಟು ಸಂಬಳ ಕೊಟ್ಟು ಅದನ್ನು ಸಂಬಳವೆಂದೇ ಕರೆಯಿರಿ. ಬ್ಯಾಂಕಿನ ಖಾತೆ ಊರ ಹತ್ತಿರದ ಶಾಖೆಯಲ್ಲಿರಲಿ, ಚೆಕ್ಕಿಗೆ ಒಂದು ಸಹಿ ಅವರದು, ಇನ್ನೊಂದು ಸಹಿ ಆ ಊರಿನದೇ ಒಬ್ಬ ತಾಯಿಯದು. ವಾರ್ಷಿಕ ಸಭೆ ಅಲ್ಲಿ ನಡೆಯಲಿ; ಟ್ರಸ್ಟಿಗಳು ಬಸ್ಸು ಹತ್ತಿ ಹೋಗಿ ಕೆಳಗೆ ಜಮಖಾನೆಯ ಮೇಲೆ ಕೂತು ಕೇಳಲಿ. ಅವರು ಟಂಟಂ ಬೇಕೆಂದರೆ ಟಂಟಂ, ಕಂಪ್ಯೂಟರು ಬೇಕೆಂದರೆ ಕಂಪ್ಯೂಟರು.

ದೀಪಾವಳಿಗೆ ಹೇಗೂ ಎಲ್ಲರೂ ಊರಿಗೆ ಹೋಗುತ್ತೀರಿ. ಬ್ಯಾಂಕಿನ ಸಹಿ ಬದಲಿಸುವ ಅರ್ಜಿಯನ್ನು ಜೊತೆಗೇ ಒಯ್ಯಿರಿ. ಊರುಗಳಲ್ಲಿ ಇಂಥ ಕೇಂದ್ರಗಳನ್ನು ನಡೆಸುತ್ತಿರುವ ಮಾಸ್ತರರಿಗೂ ಅಕ್ಕೋರಿಗೂ ಈ ಪತ್ರಿಕೆ ತಲುಪುವಂತೆ ಒಂದೊಂದು ಪ್ರತಿ ಕೊಟ್ಟು ಬನ್ನಿರಿ. ಅವರ ಪತ್ರಗಳಿಗೆ ಮುಂದಿನ ಸಂಚಿಕೆಯಿಂದ ಎರಡು ಪುಟ ಕಾದಿರಿಸಿದ್ದೇವೆ. ಟೈಪು ಮಾಡಿಸಬೇಕಾಗಿಲ್ಲ, ವಹಿಯಿಂದ ಹರಿದ ಹಾಳೆಯಲ್ಲಿ ಬರೆದು ಕಳಿಸಿದರೂ ನಡೆದೀತು.